ಕಲ್ಲು ಎಷ್ಟು ದೊಡ್ಡದು, ಕೂತಿರುವುದೆಲ್ಲಿ?

ಸ್ಕ್ಯಾನಿಂಗ್ ಸೆಂಟರಿನಿಂದ ಹೊರಬಂದವರ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಅದರಲ್ಲಿ ನಿಜಕ್ಕೂ ಓದಬೇಕಾದ್ದು ಒಂದೇ ಸಾಲು: ಎಡಗಡೆಯ ವಿಯುಜೆಯಲ್ಲಿ 6 ಮಿಲಿಮೀಟರ್ ಕಲ್ಲು, ಮೂತ್ರಪಿಂಡ ಸ್ವಲ್ಪ ಊದಿಕೊಂಡಿದೆ. ಆ ಹಾಳೆ ಮನೆ ಸೇರುವಷ್ಟರಲ್ಲಿ ಸಲಹೆಗಳು ಸಾಲುಗಟ್ಟಿ ನಿಂತಿರುತ್ತವೆ. ಅತ್ತೆ ಬಾಳೆದಿಂಡಿನ ರಸ ಅನ್ನುತ್ತಾರೆ, ಪಕ್ಕದ ಮನೆಯವರು ಹುರುಳಿಕಟ್ಟು ಅನ್ನುತ್ತಾರೆ, ಆಫೀಸಿನ ಗೆಳೆಯ ಗುಟ್ಟಾಗಿ ಬಿಯರ್ ಅನ್ನುತ್ತಾನೆ. ಇನ್ನೊಬ್ಬರು, ‘ಯಾಕೆ ಸುಮ್ನೆ ಒದ್ದಾಡ್ತೀರಿ, ಲೇಸರ್ ಮಾಡಿಸಿಬಿಡಿ, ಒಂದೇ ದಿನದ ಕೆಲಸ’ ಅನ್ನುತ್ತಾರೆ. ಇಷ್ಟು ಜನರಲ್ಲಿ ಯಾರೂ ಹಾಳೆಯ ಆ ಸಾಲನ್ನು ಓದಿರುವುದಿಲ್ಲ. ಕಾಯಬೇಕೋ, ಪುಡಿಮಾಡಿಸಬೇಕೋ, ತೂತು ಕೊರೆಸಿ ತೆಗೆಸಬೇಕೋ ಎಂಬುದರ ಮುಕ್ಕಾಲು ಪಾಲು ಉತ್ತರ ಇರುವುದು ಅಲ್ಲೇ.

ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ. ಅದರ ಒಳಗಿನ ಅಗಲ ಬರೀ 3–4 ಮಿಲಿಮೀಟರ್. ಈ ದಾರಿಯಲ್ಲೂ ಮೂರು ಇಕ್ಕಟ್ಟಿನ ಜಾಗಗಳಿವೆ. ಮೊದಲನೆಯದು ಮೂತ್ರಪಿಂಡದಿಂದ ನಾಳ ಶುರುವಾಗುವ ಬಾಯಿ, ವರದಿಯಲ್ಲಿ ಅದನ್ನು ಪಿಯುಜೆ ಎಂದು ಬರೆಯುತ್ತಾರೆ. ಎರಡನೆಯದು ಕಾಲಿಗೆ ಹೋಗುವ ದೊಡ್ಡ ರಕ್ತನಾಳವನ್ನು ದಾಟುವ ತಿರುವು. ಮೂರನೆಯದು ಮೂತ್ರಕೋಶವನ್ನು ಸೇರುವ ತುದಿ, ಅದೇ ವಿಯುಜೆ. ಕಲ್ಲು ಮೂತ್ರಪಿಂಡದ ಒಳಗೆ ಒಂದು ಮೂಲೆಯಲ್ಲಿ ಕೂತಿದ್ದರೆ ವರ್ಷಗಟ್ಟಲೆ ಸುದ್ದಿಯೇ ಇರುವುದಿಲ್ಲ. ಅದು ಹೊರಟು ನಾಳದಲ್ಲಿ ಸಿಕ್ಕಿಕೊಂಡಾಗ ಹಿಂದೆ ಮೂತ್ರ ಕಟ್ಟಿಕೊಳ್ಳುತ್ತದೆ, ಒತ್ತಡ ಏರುತ್ತದೆ, ಬೆನ್ನಿನ ಪಕ್ಕದಿಂದ ತೊಡೆಸಂದಿಯವರೆಗೆ ಇಳಿಯುವ ಆ ಕುಖ್ಯಾತ ನೋವು ಶುರುವಾಗುತ್ತದೆ. ಅಪೆಂಡಿಕ್ಸ್ ನೋವಿನವರು ಅಲುಗಾಡದೆ ಮುದುರಿ ಮಲಗಿದರೆ, ಕಲ್ಲಿನ ನೋವಿನವರು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಹೊರಳಾಡುತ್ತಾರೆ. ಅನುಭವಿ ಕ್ಯಾಷುಯಲ್ಟಿ ನರ್ಸ್‌ಗಳು ಬಾಗಿಲಲ್ಲೇ ಗುರುತು ಹಿಡಿಯುವುದು ಇದರಿಂದಲೇ.

ಈ ನೋವಿಗೆ ಮೊದಲ ಮದ್ದು ಡೈಕ್ಲೊಫಿನ್ಯಾಕ್ ಗುಂಪಿನ ನೋವುನಿವಾರಕಗಳು. ಆದರೆ ಮೂತ್ರಪಿಂಡ ಮೊದಲೇ ದುರ್ಬಲವಾಗಿರುವವರಿಗೆ ಇವು ಸಲ್ಲವು. ಇಲ್ಲಿ ಒಂದು ತಪ್ಪು ನಮ್ಮ ಮನೆಗಳಲ್ಲಿ ಪದೇಪದೇ ನಡೆಯುತ್ತದೆ. ನೋವು ಉಕ್ಕೇರಿದಾಗ ಚೊಂಬುಗಟ್ಟಲೆ ನೀರು ಕುಡಿಸಿ ಕಲ್ಲನ್ನು ತಳ್ಳಿಬಿಡುವ ಪ್ರಯತ್ನ ಅದು. ಕಟ್ಟಿಕೊಂಡಿರುವ ನಾಳಕ್ಕೆ ಇನ್ನಷ್ಟು ಮೂತ್ರ ಸುರಿದರೆ ಕಲ್ಲು ಜಾರುತ್ತದೆ ಎಂಬುದಕ್ಕೆ ಆಧಾರವಿಲ್ಲ, ವಾಂತಿಯಂತೂ ಹೆಚ್ಚಾದೀತು. ನೀರಿನ ಕೆಲಸವೇ ಬೇರೆ, ಅದರ ಹೊತ್ತೂ ಬೇರೆ.

ನಾಳದಲ್ಲಿರುವ ಕಲ್ಲು 5 ಮಿಲಿಮೀಟರ್‌ಗಿಂತ ಸಣ್ಣದಾಗಿದ್ದರೆ ನೂರರಲ್ಲಿ ಸುಮಾರು 68 ಜನರಿಗೆ ಅದು ತಾನಾಗಿಯೇ ಹೊರಬೀಳುತ್ತದೆ. 5ರಿಂದ 10 ಮಿಲಿಮೀಟರ್ ಆದರೆ ಆ ಸಂಖ್ಯೆ 47ಕ್ಕೆ ಇಳಿಯುತ್ತದೆ. ಅಮೆರಿಕ ಮತ್ತು ಯುರೋಪಿನ ಮೂತ್ರರೋಗ ತಜ್ಞರ ಸಂಘಗಳು 2007ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಕೊಟ್ಟ ಲೆಕ್ಕ ಇದು. ಮೂತ್ರಕೋಶಕ್ಕೆ ಹತ್ತಿರವಿದ್ದಷ್ಟೂ ಅದೃಷ್ಟ ಹೆಚ್ಚು. ಹಾಗಾಗಿ ವಿಯುಜೆಯಲ್ಲಿ ಕೂತ ತೊಗರಿಕಾಳಿನಷ್ಟು ಕಲ್ಲಿಗೆ ನಾಲ್ಕರಿಂದ ಆರು ವಾರ ಕಾಯುವುದು ವೈದ್ಯರ ಸೋಮಾರಿತನವಲ್ಲ, ಒಪ್ಪಿತ ಚಿಕಿತ್ಸೆ. ಕಾಯುವಾಗ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ಬರೆದುಕೊಡುವ ರೂಢಿಯಿದೆ. ವಯಸ್ಸಾದ ಗಂಡಸರ ಪ್ರೊಸ್ಟೇಟ್ ತೊಂದರೆಗೆ ಬಂದ ಈ ಮಾತ್ರೆ ನಾಳದ ಸ್ನಾಯುವನ್ನೂ ಸಡಿಲಿಸುತ್ತದೆ ಎಂಬ ಲೆಕ್ಕಾಚಾರ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ‘ಸಸ್ಪೆಂಡ್’ ಪ್ರಯೋಗದಲ್ಲಿ ಔಷಧವಿಲ್ಲದ ಸುಳ್ಳುಗುಳಿಗೆ ನುಂಗಿದವರಿಗೂ ಈ ಮಾತ್ರೆ ನುಂಗಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೂ ನಾಳದ ಕೆಳಭಾಗದಲ್ಲಿರುವ, 5 ಮಿಲಿಮೀಟರ್ ಮೀರಿದ ಕಲ್ಲಿಗೆ ಅದು ಸ್ವಲ್ಪ ನೆರವಾದೀತು ಎಂದು ಮಾರ್ಗಸೂಚಿಗಳು ಅದನ್ನು ಉಳಿಸಿಕೊಂಡಿವೆ. ಮೂರು ಮಿಲಿಮೀಟರ್ ಕಲ್ಲಿಗೆ ಅದನ್ನು ಬರೆಯುವುದರಲ್ಲಿ ಹೆಚ್ಚಿನ ಅರ್ಥವಿಲ್ಲ.

ಕಲ್ಲು ಬೀಳಲೆಂದು ಜನ ಮೆಟ್ಟಿಲು ಹಾರುತ್ತಾರೆ, ಹೊಂಡ ಬಿದ್ದ ರಸ್ತೆಯಲ್ಲಿ ಬೈಕ್ ಓಡಿಸುತ್ತಾರೆ. ನಗುವ ಮುಂಚೆ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ವಾರ್ಟಿಂಗರ್ ಮಾಡಿದ್ದನ್ನು ಕೇಳಬೇಕು. ಡಿಸ್ನಿ ವರ್ಲ್ಡ್‌ನಲ್ಲಿ ರೋಲರ್ ಕೋಸ್ಟರ್ ಹತ್ತಿ ಬಂದ ರೋಗಿಗಳು ಕಲ್ಲು ಬಿತ್ತು ಎಂದು ಹೇಳತೊಡಗಿದಾಗ ವಾರ್ಟಿಂಗರ್ ಸಿಲಿಕೋನಿನಲ್ಲಿ ಮೂತ್ರಪಿಂಡದ ಮಾದರಿ ಮಾಡಿಸಿ, ಅದರಲ್ಲಿ ನಿಜವಾದ ಕಲ್ಲುಗಳನ್ನಿಟ್ಟು, ಬ್ಯಾಗಿನಲ್ಲಿ ಹೊತ್ತು ಅದೇ ಸವಾರಿ ಮಾಡಿದರು. ಹಿಂದಿನ ಸೀಟಿನಲ್ಲಿ ಕೂತಾಗ ಸುಮಾರು 64 ಶೇಕಡಾ ಸಲ ಕಲ್ಲು ಜಾರಿತು, ಮುಂದಿನ ಸೀಟಿನಲ್ಲಿ 17 ಶೇಕಡಾ. 2018ರ ಇಗ್ ನೊಬೆಲ್ ಪ್ರಶಸ್ತಿ ಇದಕ್ಕೇ ಬಂತು. ಜಾರಿದ್ದು ಮಾದರಿಯ ಒಳಗಿನ ಸಣ್ಣ ಕಲ್ಲುಗಳು ಮಾತ್ರ. ನಾಳದಲ್ಲಿ ಕಚ್ಚಿಕೊಂಡ ಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಕಾಯಲೇಬಾರದ ಹೊತ್ತುಗಳಿವೆ. ನೋವಿನ ಜೊತೆ ಚಳಿಜ್ವರ ಬಂದರೆ, ಇರುವುದೇ ಒಂದು ಮೂತ್ರಪಿಂಡವಾದರೆ, ಎರಡೂ ಕಡೆ ಕಟ್ಟಿಕೊಂಡು ಮೂತ್ರವೇ ನಿಂತರೆ ಮನೆಯಲ್ಲಿ ಉಳಿಯುವಂತಿಲ್ಲ. ಚಳಿಜ್ವರವೆಂದರೆ ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಹತ್ತಿದೆ ಎಂದರ್ಥ. ಗಂಟೆಗಳಲ್ಲಿ ಅದು ರಕ್ತಕ್ಕೆ ಹರಡಬಲ್ಲದು. ಆಗ ವೈದ್ಯರು ಕಲ್ಲಿನ ತಂಟೆಗೇ ಹೋಗುವುದಿಲ್ಲ. ಮೂತ್ರದ ದಾರಿಯಿಂದ ನಾಳದೊಳಗೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ತೂರಿಸುತ್ತಾರೆ, ಇಲ್ಲವೇ ಬೆನ್ನಿನಿಂದ ಮೂತ್ರಪಿಂಡಕ್ಕೆ ಸಣ್ಣ ಕೊಳವೆ ಇಟ್ಟು ಕೀವು ಹೊರಗೆ ಬಿಡುತ್ತಾರೆ, ಆ್ಯಂಟಿಬಯಾಟಿಕ್ ಕೊಡುತ್ತಾರೆ. ‘ಅಷ್ಟು ದುಡ್ಡು ತಗೊಂಡು ಕಲ್ಲನ್ನೇ ತೆಗೀಲಿಲ್ಲ’ ಎಂದು ಮನೆಯವರು ಜಗಳಕ್ಕೆ ನಿಲ್ಲುವುದು ಈ ಘಟ್ಟದಲ್ಲೇ. ಸೋಂಕಿರುವಾಗ ಕಲ್ಲು ಒಡೆಯಲು ಹೋಗಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು.

ಕಲ್ಲು ಒಡೆಯುವ ಯಂತ್ರದ ಕಥೆ ಆಸ್ಪತ್ರೆಯಲ್ಲಿ ಶುರುವಾದದ್ದಲ್ಲ, ವಿಮಾನದ ಕಾರ್ಖಾನೆಯಲ್ಲಿ. ಜರ್ಮನಿಯ ಡೋರ್ನಿಯರ್ ಕಂಪನಿಯ ಎಂಜಿನಿಯರುಗಳು ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಏನಾಗುತ್ತದೆ ಎಂದು ಪರೀಕ್ಷಿಸುತ್ತಿದ್ದರು. 1960ರ ದಶಕದಲ್ಲಿ, ಗುರಿಯ ಫಲಕಕ್ಕೆ ಗುಂಡು ಬಡಿಯುವ ಗಳಿಗೆಯಲ್ಲೇ ಅದನ್ನು ಮುಟ್ಟಿದ ಒಬ್ಬನಿಗೆ ಕರೆಂಟು ಹೊಡೆದಂತಾಯಿತಂತೆ. ಅಲ್ಲಿ ಕರೆಂಟು ಇರಲಿಲ್ಲ, ಆಘಾತ ತರಂಗ ಮೈಯೊಳಗೆ ಹಾದುಹೋಗಿತ್ತು. ಚರ್ಮ, ಮಾಂಸಕ್ಕೆ ಏಟಾಗದೆ ಅಲೆ ಒಳಗೆ ಹೋಗುತ್ತದಾದರೆ ಒಳಗಿರುವ ಗಟ್ಟಿ ವಸ್ತುವನ್ನು ಅದು ಒಡೆಯಲಾರದೇಕೆ? ಮ್ಯೂನಿಕ್ ವಿಶ್ವವಿದ್ಯಾಲಯದ ಕ್ರಿಸ್ಟಿಯನ್ ಶೌಸಿ ಮತ್ತು ಸಂಗಡಿಗರು 1980ರ ಫೆಬ್ರವರಿ 7ರಂದು ಮೊದಲ ರೋಗಿಯನ್ನು ನೀರು ತುಂಬಿದ ತೊಟ್ಟಿಗೆ ಇಳಿಸಿ, ಚಾಕು ಮುಟ್ಟಿಸದೆ ಮೂತ್ರಪಿಂಡದ ಕಲ್ಲನ್ನು ಪುಡಿ ಮಾಡಿದರು. 1984ರ ಕೊನೆಗೆ ಅಮೆರಿಕ ಒಪ್ಪಿಗೆ ಕೊಟ್ಟಿತು. ಮುಂದಿನ ಕೆಲವೇ ವರ್ಷಗಳಲ್ಲಿ, ಪಕ್ಕೆಯ ಉದ್ದಕ್ಕೂ ಸೀಳಿ ಕಲ್ಲು ತೆಗೆಯುವ ಆಪರೇಷನ್ ಅಪರೂಪವಾಗಿಬಿಟ್ಟಿತು.

ಈಗ ತೊಟ್ಟಿ ಇಲ್ಲ. ರೋಗಿ ಮೇಜಿನ ಮೇಲೆ ಮಲಗಿದರೆ ನೀರು ತುಂಬಿದ ದಿಂಬೊಂದು ಬೆನ್ನಿಗೆ ಒತ್ತಿಕೊಳ್ಳುತ್ತದೆ. ನಿಮಿಷಕ್ಕೆ 60ರಿಂದ 90 ಏಟಿನಂತೆ ಎರಡು ಮೂರು ಸಾವಿರ ಅಲೆಗಳು ಕಲ್ಲಿನ ಮೇಲೆ ಬಂದು ಕೂಡುತ್ತವೆ. ನಿಧಾನಕ್ಕೆ ಹೊಡೆದರೆ ಚೆನ್ನಾಗಿ ಒಡೆಯುತ್ತದೆ ಎಂಬುದು ವರ್ಷಗಳ ಮೇಲೆ ಕಲಿತ ಪಾಠ. ಹೆಚ್ಚಿನವರಿಗೆ ಪೂರ್ತಿ ಅರಿವಳಿಕೆ ಬೇಡ, ಸಂಜೆಗೆ ಮನೆಗೆ ಹೋಗಬಹುದು. ಆದರೆ ಈ ಯಂತ್ರ ಎಲ್ಲ ಕಲ್ಲಿಗೂ ಒಗ್ಗುವುದಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಕಲ್ಲಿನ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಅಂಕಿಯಲ್ಲಿ ಅಳೆಯುತ್ತಾರೆ. ಅದು 1000 ಮೀರಿದರೆ ಒಡೆಯುವುದು ಕಷ್ಟ. ಸ್ಥೂಲದೇಹಿಗಳಲ್ಲಿ ಅಲೆ ಕಲ್ಲನ್ನು ಮುಟ್ಟುವಷ್ಟರಲ್ಲಿ ಸೊರಗುತ್ತದೆ. ಮೂತ್ರಪಿಂಡದೊಳಗೆ ಮೂತ್ರ ಸೇರುವ ಬಟ್ಟಲುಗಳಲ್ಲಿ ಕೆಳಗಿನದರಲ್ಲಿರುವ ಕಲ್ಲು ಒಡೆದರೂ ಚೂರುಗಳು ಮೇಲಕ್ಕೆ ಹತ್ತಿ ಬರಬೇಕು. ಒಮ್ಮೊಮ್ಮೆ ಚೂರುಗಳೆಲ್ಲ ನಾಳದಲ್ಲಿ ಸಾಲುಗಟ್ಟಿ ದಾರಿ ಮುಚ್ಚುತ್ತವೆ. ಜರ್ಮನರು ಇದಕ್ಕಿಟ್ಟ ‘ಕಲ್ಲುಬೀದಿ’ ಎಂಬ ಹೆಸರೇ ವೈದ್ಯಶಾಸ್ತ್ರದಲ್ಲಿ ನಿಂತಿದೆ. ಬಸುರಿಯರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆಯಿರುವವರಿಗೆ ಇದು ನಿಷಿದ್ಧ. ಇಷ್ಟೆಲ್ಲ ಇದ್ದರೂ ಒಂದು ಸೆಂಟಿಮೀಟರ್ ಒಳಗಿನ, ಮೆದುವಾದ, ಸರಿಯಾದ ಜಾಗದಲ್ಲಿರುವ ಕಲ್ಲಿಗೆ ಇದು ಇವತ್ತಿಗೂ ಒಳ್ಳೆಯ ಆಯ್ಕೆ. ಹೊಸ ಲೇಸರ್ ಬಂದಿದೆ ಎಂಬ ಒಂದೇ ಕಾರಣಕ್ಕೆ ಇದನ್ನು ಮೂಲೆಗೆ ತಳ್ಳುತ್ತಿರುವುದು ಅನ್ಯಾಯ ಎನ್ನಬೇಕು.

ಲೇಸರಿನ ವಿಷಯಕ್ಕೆ ಬರೋಣ. ಮೂತ್ರದ ದಾರಿಯಲ್ಲೇ ಒಳಹೊಕ್ಕು ನಾಳದೊಳಗೆ ಇಣುಕಿದ ಮೊದಲಿಗ ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್. 1912ರಲ್ಲಿ ಮಗುವೊಂದರ ಮೂತ್ರಕೋಶವನ್ನು ನೋಡಲು ಹೋದಾಗ ನಾಳ ಎಷ್ಟು ಹಿಗ್ಗಿತ್ತೆಂದರೆ ಅವರ ಉಪಕರಣ ನೇರ ಮೂತ್ರಪಿಂಡದವರೆಗೆ ಹೋಗಿಬಿಟ್ಟಿತು. ಅಲ್ಲಿಂದ ಇಂದಿನ ಬಾಗುವ ಸ್ಕೋಪಿನವರೆಗೆ ಬರಲು ಗಾಜಿನ ಎಳೆ, ಕ್ಯಾಮೆರಾ ಚಿಪ್ಪು, ಹೋಲ್ಮಿಯಂ ಲೇಸರ್ ಎಲ್ಲವೂ ಹುಟ್ಟಬೇಕಾಯಿತು. ಆರ್‌ಐಆರ್‌ಎಸ್ ಎಂದು ಆಸ್ಪತ್ರೆ ಬೋರ್ಡುಗಳಲ್ಲಿ ಮಿಂಚುವ ಚಿಕಿತ್ಸೆ ಇದೇ.

ಆಪರೇಷನ್ ಕೋಣೆಯಲ್ಲಿ ಅದು ಹೀಗೆ ನಡೆಯುತ್ತದೆ. ರೋಗಿಗೆ ಅರಿವಳಿಕೆ ಕೊಟ್ಟ ಮೇಲೆ ಮೊದಲು ನಾಳದೊಳಗೆ ಒಂದು ತೆಳು ತಂತಿ ಹೋಗುತ್ತದೆ, ಅದರ ಮೇಲೆ ಜಾರುಗೊಳವೆ. ಆ ಕೊಳವೆಯೊಳಗಿಂದ ಮೂರು ಮಿಲಿಮೀಟರ್‌ಗಿಂತ ಸಪೂರವಾದ ಸ್ಕೋಪ್ ಮೇಲೇರುತ್ತದೆ. ವೈದ್ಯರ ಹೆಬ್ಬೆರಳಿನ ಸನ್ನೆಗೆ ಅದರ ತುದಿ ಹಿಂದುಮುಂದಾಗಿ ಮಡಚಿ ಮೂತ್ರಪಿಂಡದ ಒಂದೊಂದೇ ಬಟ್ಟಲಿಗೆ ತಲೆ ಹಾಕುತ್ತದೆ. ಪರದೆಯ ಮೇಲೆ ಗುಲಾಬಿ ಗೋಡೆಗಳ ನಡುವೆ ಕಂದು ಬಣ್ಣದ, ಮುಳ್ಳುಮುಳ್ಳಾದ ಕಲ್ಲು ಕಾಣುತ್ತದೆ. ಸ್ಕೋಪಿನ ಒಳಗಿಂದ ಬರುವ 200 ಮೈಕ್ರಾನ್ ದಪ್ಪದ ಎಳೆ ಕಲ್ಲನ್ನು ಮುಟ್ಟಿದೊಡನೆ ಟಿಕ್ಕಟಿಕ್ಕೆಂದು ಬೆಳಕು ಬಡಿಯುತ್ತದೆ, ಪರದೆಯೆಲ್ಲ ಹಿಮ ಸುರಿದಂತೆ ಬಿಳಿಯಾಗುತ್ತದೆ. ಹೋಲ್ಮಿಯಂ ಲೇಸರಿನ ಕಿರಣವನ್ನು ನೀರು ಚೆನ್ನಾಗಿ ಹೀರುವುದರಿಂದ ಅದರ ಪ್ರತಾಪ ಅರ್ಧ ಮಿಲಿಮೀಟರ್ ದೂರದಲ್ಲೇ ಮುಗಿಯುತ್ತದೆ, ಗೋಡೆಗೆ ಗಾಯ ಮಾಡುವ ಭಯ ಕಡಿಮೆ. ಇತ್ತೀಚಿನ ಥುಲಿಯಂ ಫೈಬರ್ ಲೇಸರ್ ಇನ್ನೂ ನುಣ್ಣಗೆ ಪುಡಿ ಮಾಡುತ್ತದೆ. ದೃಷ್ಟಿ ಮಸುಕಾಗದಿರಲು ನೀರು ಹಾಯಿಸುತ್ತಲೇ ಇರಬೇಕು. ಆ ನೀರಿನ ಒತ್ತಡ ಹೆಚ್ಚಿದರೆ ರೋಗಾಣುಗಳು ರಕ್ತಕ್ಕೆ ನುಗ್ಗುತ್ತವೆ. ಹಾಗಾಗಿ ಮೂತ್ರದಲ್ಲಿ ಸೋಂಕಿಲ್ಲವೆಂದು ಖಚಿತವಾಗದೆ ಯಾರೂ ಮುಂದುವರಿಯಬಾರದು. ಪುಡಿಯನ್ನು ಅಲ್ಲಲ್ಲೇ ಹೀರಿ ತೆಗೆಯುವ ಜಾರುಗೊಳವೆಗಳು ಈಗ ಬಂದಿವೆ.

‘ಒಂದೇ ದಿನದ ಕೆಲಸ’ ಎಂಬ ಮಾತು ಅರ್ಧ ಸತ್ಯವಾಗುವುದು ಸ್ಟೆಂಟಿನಿಂದ. ಆಪರೇಷನ್ ಆದಮೇಲೆ ನಾಳ ಊದಿ ಮುಚ್ಚಿಕೊಳ್ಳದಿರಲೆಂದು ಎರಡೂ ತುದಿ ಸುರುಳಿಯಾದ, ಸುಮಾರು ಎರಡು ಮಿಲಿಮೀಟರ್ ದಪ್ಪದ ಮೆತ್ತನೆಯ ಕೊಳವೆಯನ್ನು ಮೂತ್ರಪಿಂಡದಿಂದ ಮೂತ್ರಕೋಶದವರೆಗೆ ಬಿಟ್ಟು ಬರುತ್ತಾರೆ. ಡಿಜೆ ಸ್ಟೆಂಟ್ ಎಂದರೆ ಇದು, 1978ರಿಂದ ಬಳಕೆಯಲ್ಲಿದೆ. ಇದಿರುವಷ್ಟು ದಿನ ಹಲವರಿಗೆ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮೂತ್ರಕ್ಕೆ ಅವಸರ, ಮೂತ್ರ ಮಾಡುವಾಗ ಬೆನ್ನಿನವರೆಗೆ ಹಿಡಿಯುವ ನೋವು, ನಡೆದಾಡಿದರೆ ಕೆಂಪು ಮೂತ್ರ. ಕಲ್ಲಿನ ನೋವೇ ವಾಸಿಯಿತ್ತು ಎನ್ನುವವರೂ ಇದ್ದಾರೆ. ಮುಂಚೆಯೇ ಹೇಳಿದ್ದರೆ ಹೆದರಿಕೆ ಇರುವುದಿಲ್ಲ, ಹೇಳುವವರು ಕಡಿಮೆ. ಸಲೀಸಾಗಿ ಮುಗಿದ ಆಪರೇಷನ್ನಿಗೆ ಸ್ಟೆಂಟ್ ಕಡ್ಡಾಯವೇನಲ್ಲ ಎಂಬುದನ್ನೂ ರೋಗಿ ಕೇಳಿ ತಿಳಿಯಬಹುದು.

ಇದಕ್ಕಿಂತ ದೊಡ್ಡ ಅಪಾಯ ಮರೆವು. ಕೆಲವರಿಗೆ ಸ್ಟೆಂಟ್ ಏನೂ ತೊಂದರೆ ಕೊಡುವುದಿಲ್ಲ. ಆಪರೇಷನ್ ಆಯಿತು, ಕಲ್ಲು ಹೋಯಿತು, ಊರಿಗೆ ಬಂದಾಯಿತು; ಮತ್ತೆ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹಿಡಿದು ಹೋಗಿ ತೆಗೆಸಬೇಕು ಎಂಬುದು ಬಿತ್ತನೆಯ ಗದ್ದಲದಲ್ಲೋ ಮದುವೆಯ ಓಡಾಟದಲ್ಲೋ ಮರೆತೇಹೋಗುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳಲ್ಲಿ ಹೊರಬರಬೇಕಾದ ಕೊಳವೆ ವರ್ಷಗಟ್ಟಲೆ ಒಳಗೇ ಉಳಿದು, ಅದರ ಸುತ್ತಲೇ ಕಲ್ಲು ಕಟ್ಟಿ, ಎರಡು ತುದಿಯಲ್ಲಿ ಎರಡು ಗುಂಡಾಗಿ, ತೆಗೆಯಲು ಎರಡು ಮೂರು ಆಪರೇಷನ್ ಬೇಕಾದ ಪ್ರಕರಣಗಳು ನಮ್ಮ ದೇಶದ ವೈದ್ಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಮೂತ್ರಪಿಂಡವನ್ನೇ ಕಳೆದುಕೊಂಡವರೂ ಇದ್ದಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಸ್ಟೆಂಟ್ ತೆಗೆಸುವ ತಾರೀಖನ್ನು ದೊಡ್ಡಕ್ಷರದಲ್ಲಿ ಕನ್ನಡದಲ್ಲೇ ಬರೆಸಿಕೊಂಡು, ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಯಾವ ಲೇಸರಿಗಿಂತಲೂ ಕಡಿಮೆ ಮುಖ್ಯವಲ್ಲ.

ಎರಡು ಸೆಂಟಿಮೀಟರ್ ದಾಟಿದ ಕಲ್ಲಿಗೆ, ಜಿಂಕೆಯ ಕೊಂಬಿನಂತೆ ಮೂತ್ರಪಿಂಡದ ಬಟ್ಟಲುಗಳಿಗೆಲ್ಲ ಕವಲೊಡೆದ ಕಲ್ಲಿಗೆ ದಾರಿ ಬೆನ್ನಿನಿಂದ. 1976ರಲ್ಲಿ ಸ್ವೀಡನ್ನಿನ ಫೆರ್ನ್‌ಸ್ಟ್ರೋಮ್ ಮತ್ತು ಯೊಹಾನ್ಸನ್, ಕಲ್ಲು ತೆಗೆಯುವ ಉದ್ದೇಶಕ್ಕೇ ಚರ್ಮದಿಂದ ಮೂತ್ರಪಿಂಡಕ್ಕೆ ತೂತು ಕೊರೆದ ಮೊದಲ ವರದಿ ಪ್ರಕಟಿಸಿದರು. ಅದೇ ಪಿಸಿಎನ್ಎಲ್. ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ನೋಡುತ್ತ ಸೂಜಿಯನ್ನು ಸರಿಯಾದ ಬಟ್ಟಲಿಗೆ ಇಳಿಸುವುದೇ ಇದರಲ್ಲಿ ಅರ್ಧ ವಿದ್ಯೆ. ಆಮೇಲೆ ಆ ದಾರಿಯನ್ನು ಹಿಗ್ಗಿಸಿ, ಒಳಗೇ ಒಡೆದು, ಚೂರುಗಳನ್ನು ಹೊರತೆಗೆಯುತ್ತಾರೆ. ಹಿಂದೆ ಈ ದಾರಿ ಎಂಟು ಹತ್ತು ಮಿಲಿಮೀಟರ್ ಅಗಲವಿರುತ್ತಿತ್ತು. ‘ಮಿನಿ’ ಬಂದು ಅದು ಐದಾರಕ್ಕೆ ಇಳಿಯಿತು. 2011ರಲ್ಲಿ ಗುಜರಾತಿನ ನಡಿಯಾದ್‌ನ ಮುಲ್ಜಿಭಾಯಿ ಪಟೇಲ್ ಮೂತ್ರರೋಗ ಆಸ್ಪತ್ರೆಯ ಮಹೇಶ್ ದೇಸಾಯಿ ಮತ್ತು ಸಂಗಡಿಗರು ಒಂದೂವರೆ ಮಿಲಿಮೀಟರ್ ಚಿಲ್ಲರೆ ದಪ್ಪದ, ಒಳಗೇ ಕಣ್ಣಿರುವ ಸೂಜಿಯಿಂದ ಸಣ್ಣ ಕಲ್ಲುಗಳನ್ನು ಪುಡಿ ಮಾಡಿ ‘ಮೈಕ್ರೋಪರ್ಕ್’ ಎಂದು ಕರೆದರು. ದಾರಿ ಸಣ್ಣದಾದಷ್ಟು ರಕ್ತಸ್ರಾವ ಕಡಿಮೆ, ಹೊತ್ತು ಮಾತ್ರ ಹೆಚ್ಚು. ದೊಡ್ಡ ಕಲ್ಲಿಗೆ ದೊಡ್ಡ ದಾರಿಯೇ ಲೇಸು. ಎಷ್ಟು ದೊಡ್ಡದಿರಬಹುದು ಎಂದರೆ, 2023ರ ಜೂನ್‌ನಲ್ಲಿ ಕೊಲಂಬೊದ ಸೇನಾ ಆಸ್ಪತ್ರೆಯಲ್ಲಿ ಹೊರತೆಗೆದದ್ದು 13.372 ಸೆಂಟಿಮೀಟರ್ ಉದ್ದ, 801 ಗ್ರಾಂ ತೂಕದ ಕಲ್ಲು. ಗಿನ್ನೆಸ್ ದಾಖಲೆ ಅದರದ್ದು.

ಹಿಂದಿನವರು ಕಲ್ಲಿಗೆ ಚಾಕು ಹಿಡಿಯಲು ಎಷ್ಟು ಅಂಜುತ್ತಿದ್ದರು ಎಂಬುದಕ್ಕೆ ಸುಶ್ರುತ ಸಂಹಿತೆಯೇ ಸಾಕ್ಷಿ. ಅಶ್ಮರಿಯ ಶಸ್ತ್ರಚಿಕಿತ್ಸೆಯನ್ನು ವಿವರವಾಗಿ ಹೇಳುವ ಆ ಗ್ರಂಥ, ಕೈಹಾಕುವ ಮುಂಚೆ ಒಡೆಯನ ಅಪ್ಪಣೆ ಪಡೆಯಬೇಕೆಂದು ವಿಧಿಸುತ್ತದೆ. ಹಿಪೊಕ್ರೇಟಿಸನ ಪ್ರತಿಜ್ಞೆಯಂತೂ ಕಲ್ಲಿನ ರೋಗಿಯನ್ನು ಕುಯ್ಯುವ ಕೆಲಸವನ್ನು ಅದರಲ್ಲಿ ಪಳಗಿದವರಿಗೇ ಬಿಡಬೇಕೆನ್ನುತ್ತದೆ. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1658ರ ಮಾರ್ಚ್ 26ರಂದು ಅರಿವಳಿಕೆಯಿಲ್ಲದೆ ಈ ಆಪರೇಷನ್ ಮಾಡಿಸಿಕೊಂಡು ಬದುಕಿದ, ಆ ದಿನವನ್ನು ಹಬ್ಬದಂತೆ ಆಚರಿಸತೊಡಗಿದ. ಇವೆಲ್ಲ ಮೂತ್ರಕೋಶದ ಕಲ್ಲುಗಳು. ಹಾಲು, ಮಾಂಸ ಕಾಣದೆ ಬರೀ ಧಾನ್ಯ ತಿಂದು ಬೆಳೆದ ಬಡಮಕ್ಕಳಲ್ಲಿ ಈ ಕಲ್ಲು ಮಾಮೂಲಾಗಿತ್ತು. ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇಲಿಗಳಿಗೆ ಅಂಥ ಕೊರತೆಯ ಆಹಾರ ಹಾಕಿ ಕಲ್ಲು ಬರಿಸಿ, ಹಾಲು ಸೇರಿಸಿದರೆ ಅದು ತಪ್ಪುತ್ತದೆಂದು 1930ರ ಸುಮಾರಿಗೆ ತೋರಿಸಿದರು. ಊಟ ಸುಧಾರಿಸಿದ ಹಾಗೆ ಮಕ್ಕಳ ಆ ಕಲ್ಲು ಕಡಿಮೆಯಾಯಿತು, ದೊಡ್ಡವರ ಮೂತ್ರಪಿಂಡದ ಕಲ್ಲು ಹೆಚ್ಚಿತು. ಬಡತನದ ಕಾಯಿಲೆ ಹೋಗಿ ಉಪ್ಪು, ಮಾಂಸ, ಬೊಜ್ಜಿನ ಕಾಯಿಲೆ ಬಂತು.

ಕರಗಿಸುವ ಮಾತಿಗೆ ಬಂದರೆ, ನಿಜವಾಗಿ ಕರಗುವ ಕಲ್ಲು ಒಂದಿದೆ: ಯೂರಿಕ್ ಆಮ್ಲದ್ದು. ಮಧುಮೇಹ, ಬೊಜ್ಜು ಇರುವವರ ಮೂತ್ರ ಹೆಚ್ಚು ಆಮ್ಲೀಯವಾಗಿರುವುದರಿಂದ ಅವರಲ್ಲಿ ಇದು ಜಾಸ್ತಿ. ಎಕ್ಸ್‌ರೇಯಲ್ಲಿ ಕಾಣದೆ ಸಿಟಿಯಲ್ಲಿ ಕಂಡರೆ ಇದರ ಮೇಲೆ ಅನುಮಾನ. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಪಿಎಚ್ ಅನ್ನು 6.5ರಿಂದ 7ರ ನಡುವೆ ಹಿಡಿದಿಟ್ಟರೆ ದೊಡ್ಡ ಕಲ್ಲೂ ತಿಂಗಳುಗಳಲ್ಲಿ ಕರಗಬಹುದು. ಆದರೆ ಮುಕ್ಕಾಲು ಪಾಲಿಗೂ ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಅವನ್ನು ಕರಗಿಸುವ ಮದ್ದು ಇಂಗ್ಲಿಷ್ ವೈದ್ಯದಲ್ಲೂ ಇಲ್ಲ, ಹಿತ್ತಲಲ್ಲೂ ಇಲ್ಲ. ಬಾಳೆದಿಂಡಿನ ರಸದ ಬಗ್ಗೆ ಇಲಿಗಳ ಮೇಲೆ ಒಳ್ಳೆಯ ಸೂಚನೆಗಳಿವೆ. ಮನುಷ್ಯರ ಮೇಲೆ ಗಟ್ಟಿಯಾದ ದೊಡ್ಡ ಪ್ರಯೋಗ ನಡೆದಿಲ್ಲ. ದಿಂಡಿನ ರಸ ಕುಡಿದು ಕಲ್ಲು ಬಿತ್ತು ಎನ್ನುವವರ ಮಾತು ಸುಳ್ಳಲ್ಲ: ನಾಲ್ಕು ಮಿಲಿಮೀಟರ್ ಕಲ್ಲು ಕುಡಿಯದಿದ್ದರೂ ಬಹುಶಃ ಬೀಳುತ್ತಿತ್ತು. ಪಲ್ಯಕ್ಕೋ ಕೋಸಂಬರಿಗೋ ದಿಂಡು ಒಳ್ಳೆಯದೇ, ಹುರುಳಿಯೂ ಒಳ್ಳೆಯದೇ. ಜ್ವರ ಬಂದಾಗಲೂ ಅದನ್ನೇ ನಂಬಿ ಕೂರಬಾರದು, ಅಷ್ಟೆ. ಬಿಯರ್ ಮೂತ್ರ ಹೆಚ್ಚಿಸಿ ಆಮೇಲೆ ಮೈಯನ್ನು ಒಣಗಿಸುತ್ತದೆ, ಯೂರಿಕ್ ಆಮ್ಲವನ್ನೂ ಏರಿಸುತ್ತದೆ. ಎಲ್ಲ ಹುಳಿಯೂ ನಿಂಬೆಹಣ್ಣಲ್ಲ ಎಂಬುದು ಕರಾವಳಿಯವರು ಗಮನಿಸಬೇಕಾದ್ದು. ಕೊಲೆಸ್ಟ್ರಾಲ್ ಇಳಿಯಲೆಂದು ಬಿಂಬುಳಿಯ ಗಟ್ಟಿ ರಸ ಕುಡಿದ ಹತ್ತು ಮಂದಿಯ ಮೂತ್ರಪಿಂಡ ಆಕ್ಸಲೇಟ್ ಹರಳುಗಳಿಂದ ಕೆಟ್ಟದ್ದನ್ನು ಕೇರಳದ ವೈದ್ಯರು 2013ರಲ್ಲಿ ದಾಖಲಿಸಿದ್ದಾರೆ.

ತೆಗೆಸಿಕೊಂಡ ಕಲ್ಲು ಮತ್ತೆ ಬರಬಹುದು; ಹತ್ತು ವರ್ಷದೊಳಗೆ ಮೂರರಲ್ಲಿ ಒಬ್ಬರಿಗಾದರೂ ಮರುಕಳಿಸುತ್ತದೆ. ಇಲ್ಲಿ ಬರುತ್ತದೆ ನೀರಿನ ಪಾಳಿ. ಇಟಲಿಯ ಪಾರ್ಮಾದಲ್ಲಿ ಲೋರಿಸ್ ಬೋರ್ಗಿ ಮತ್ತು ಸಂಗಡಿಗರು ಮೊದಲ ಸಲ ಕಲ್ಲು ಬಂದ 199 ಜನರನ್ನು ಐದು ವರ್ಷ ಗಮನಿಸಿ 1996ರಲ್ಲಿ ವರದಿ ಮಾಡಿದರು: ಹೆಚ್ಚು ನೀರು ಕುಡಿದವರಲ್ಲಿ 12 ಶೇಕಡಾ ಜನರಿಗೆ, ಉಳಿದವರಲ್ಲಿ 27 ಶೇಕಡಾ ಜನರಿಗೆ ಕಲ್ಲು ಮರಳಿತು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗಬೇಕೆಂಬುದು ಈಗಿನ ಗುರಿ. ಕುಡಿದದ್ದನ್ನು ಅಳೆಯುವುದಕ್ಕಿಂತ ಹೊರಬಂದದ್ದನ್ನು ಅಳೆಯುವುದು ಸರಿ, ಏಕೆಂದರೆ ರಾಯಚೂರಿನ ಮೇ ತಿಂಗಳಲ್ಲೋ ಕೊಲ್ಲಿಯ ದೇಶದಲ್ಲಿ ಕಟ್ಟಡ ಕಟ್ಟುವ ಉಡುಪಿ, ಮಂಗಳೂರಿನ ಹುಡುಗರಿಗೋ ಕುಡಿದ ನೀರಿನ ದೊಡ್ಡ ಪಾಲು ಬೆವರಾಗಿ ಹೋಗುತ್ತದೆ. ಶೌಚಾಲಯವಿಲ್ಲವೆಂದು, ಇದ್ದರೂ ಬಿಡುವು ಕೊಡುವುದಿಲ್ಲವೆಂದು ಬೆಳಗಿನಿಂದ ನೀರನ್ನೇ ಮುಟ್ಟದ ಹೆಂಗಸರಿಗೆ ‘ನೀರು ಕುಡಿಯಿರಿ’ ಎಂಬ ಸಲಹೆ ಬರೆದುಕೊಟ್ಟು ಪ್ರಯೋಜನವಿಲ್ಲ.

ಅದೇ ಬೋರ್ಗಿ 2002ರಲ್ಲಿ ಇನ್ನೊಂದು ನಂಬಿಕೆಯನ್ನು ಬುಡಮೇಲು ಮಾಡಿದರು. ಕಲ್ಲು ಕ್ಯಾಲ್ಸಿಯಂನದಾದರೆ ಹಾಲು ಬಿಡಬೇಕು ಎಂದು ವೈದ್ಯರೇ ಹೇಳುತ್ತಿದ್ದ ಕಾಲ ಅದು. 120 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಾಲು ಕಡಿಮೆ ಮಾಡಿಸಿದರು. ಇನ್ನೊಂದಕ್ಕೆ ಹಾಲು ಬಿಡಿಸದೆ ಉಪ್ಪು, ಮಾಂಸ ಕಡಿಮೆ ಮಾಡಿಸಿದರು. ಐದು ವರ್ಷದಲ್ಲಿ ಮೊದಲ ಗುಂಪಿನ 23 ಜನರಿಗೆ ಕಲ್ಲು ಮರಳಿತು, ಎರಡನೆಯ ಗುಂಪಿನಲ್ಲಿ 12 ಜನರಿಗೆ. ಊಟದ ಜೊತೆ ಬಂದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ, ಮೂತ್ರದವರೆಗೆ ಬಿಡುವುದಿಲ್ಲ. ಹಾಗಾಗಿ ಮೊಸರನ್ನ ಬಿಡಬೇಕಿಲ್ಲ; ಅದರ ಪಕ್ಕದ ಉಪ್ಪಿನಕಾಯಿ, ಹಪ್ಪಳ ಬಿಡಬೇಕು. ಟೊಮೆಟೊ ಬೀಜದ ಭಯಕ್ಕೂ ಬುಡವಿಲ್ಲ, ಟೊಮೆಟೊದಲ್ಲಿ ಆಕ್ಸಲೇಟ್ ಬಹಳ ಕಡಿಮೆ. ನಿಜವಾದ ಆಕ್ಸಲೇಟ್ ಗಣಿ ಪಾಲಕ್. ಹರಿವೆ, ಬಸಳೆಯೂ ಹಿಂದೆ ಬಿದ್ದಿಲ್ಲ. ಸೊಪ್ಪನ್ನು ಬೇಯಿಸಿ ನೀರು ಬಸಿದರೆ ಒಳ್ಳೆಯ ಪಾಲು ಆಕ್ಸಲೇಟ್ ಹೊರಟುಹೋಗುತ್ತದೆ. ನಮ್ಮ ಬಸ್ಸಾರಿನ ತೊಡಕು ಇಲ್ಲೇ: ಬಸಿದ ನೀರನ್ನೇ ಒಗ್ಗರಣೆ ಹಾಕಿ ಉಣ್ಣುತ್ತೇವೆ. ಕಲ್ಲು ಮರುಕಳಿಸುವವರು ಬಸ್ಸಾರಿಗೆ ದಂಟು, ಪಾಲಕ್ ಬಿಟ್ಟು ಹುರುಳಿಕಾಯಿಯಂಥ ತರಕಾರಿ ಹಾಕಿಕೊಂಡರೆ ರುಚಿಗೇನೂ ಮೋಸವಿಲ್ಲ. ಸಕ್ಕರೆ, ಉಪ್ಪು ಸುರಿಯದ ನಿಂಬೆ ಪಾನಕ ಮೂತ್ರದಲ್ಲಿ ಸಿಟ್ರೇಟ್ ಹೆಚ್ಚಿಸುತ್ತದೆ. ವಿಟಮಿನ್ ಸಿ ಮಾತ್ರೆಗಳನ್ನು ದಿನವೂ ದೊಡ್ಡ ಪ್ರಮಾಣದಲ್ಲಿ ನುಂಗುವ ಚಾಳಿ ಮಾತ್ರ ಬೇಡ, ಅದು ಆಕ್ಸಲೇಟಾಗಿ ಬದಲಾಗುತ್ತದೆ.

ಮಾತ್ರೆಗಳ ಕಥೆ ಅಷ್ಟು ಸಲೀಸಲ್ಲ. ಮೂತ್ರದಲ್ಲಿ ಕ್ಯಾಲ್ಸಿಯಂ ಇಳಿಸುವ ಹೈಡ್ರೊಕ್ಲೋರೊಥಯಾಜೈಡ್ ದಶಕಗಳಿಂದ ಬಳಕೆಯಲ್ಲಿತ್ತು. 2023ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ 416 ಜನರ ಪ್ರಯೋಗದಲ್ಲಿ ಅದು ಸುಳ್ಳುಗುಳಿಗೆಗಿಂತ ಮೇಲೆನಿಸಲಿಲ್ಲ. ಯಾರಿಗೆ ಯಾವ ಮಾತ್ರೆ ಎಂದು ತಿಳಿಯಬೇಕಾದರೆ ಮೊದಲು ಕಲ್ಲು ಯಾವುದರದ್ದೆಂದು ತಿಳಿಯಬೇಕು. ನಮ್ಮಲ್ಲಿ ಅತಿ ಹೆಚ್ಚು ಕಡೆಗಣಿಸಿದ ಕೆಲಸ ಇದೇ. ಲಕ್ಷಾಂತರ ರೂಪಾಯಿಯ ಲೇಸರಿನಿಂದ ತೆಗೆದ ಕಲ್ಲನ್ನು ಡಬ್ಬಿಯಲ್ಲಿ ಹಾಕಿ ರೋಗಿಯ ಕೈಗೆ ಕೊಡುತ್ತಾರೆ, ಅವರು ಮನೆಗೆ ಒಯ್ದು ನೆಂಟರಿಗೆ ತೋರಿಸುತ್ತಾರೆ, ಕಲ್ಲು ಲ್ಯಾಬಿಗೆ ಮಾತ್ರ ಹೋಗುವುದಿಲ್ಲ. ತಾನಾಗಿ ಬೀಳುವ ಕಲ್ಲನ್ನೂ ಟೀ ಜರಡಿಯಲ್ಲಿ ಹಿಡಿದು, ಒಣಗಿಸಿ, ಇನ್ಫ್ರಾರೆಡ್ ಪರೀಕ್ಷೆಗೆ ಕಳಿಸಬಹುದು. ಸ್ಟ್ರುವೈಟ್ ಎಂದು ಬಂದರೆ ಮೂಲ ಸೋಂಕಿನಲ್ಲಿದೆ. ಸಿಸ್ಟೀನ್ ಎಂದು ಬಂದರೆ ಅದು ವಂಶವಾಹಿಯ ದೋಷ. ರೋಗಿಯ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಪರೀಕ್ಷಿಸಬೇಕು. ಕ್ಯಾಲ್ಸಿಯಂ ಫಾಸ್ಫೇಟ್ ಎಂದು ಬಂದರೆ, ಅಥವಾ ಕ್ಯಾಲ್ಸಿಯಂ ಕಲ್ಲು ಮತ್ತೆಮತ್ತೆ ಬರುತ್ತಿದ್ದರೆ, ರಕ್ತದ ಕ್ಯಾಲ್ಸಿಯಂ ನೋಡಲೇಬೇಕು. ಅದು ಹೆಚ್ಚಿದ್ದರೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿ ಸಣ್ಣ ಗೆಡ್ಡೆ ಇದ್ದೀತು.

ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್‌ಗೆ ಹೀಗೇ ಆಗಿತ್ತು. ಮೂಳೆಗಳು ಸವೆದು ಆರಡಿ ದಾಟಿದ ಎತ್ತರದಲ್ಲಿ ಏಳು ಅಂಗುಲ ಕಳೆದುಕೊಂಡಿದ್ದ ಆತನಿಗೆ ಮೂತ್ರಪಿಂಡದ ಕಲ್ಲುಗಳೂ ಇದ್ದವು. ಆರು ಸಲ ಕುತ್ತಿಗೆ ಕೊಯ್ದರೂ ಗೆಡ್ಡೆ ಸಿಗಲಿಲ್ಲ. 1932ರಲ್ಲಿ ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಏಳನೆಯ ಆಪರೇಷನ್ನಿನಲ್ಲಿ ಅದು ಎದೆಗೂಡಿನೊಳಗೆ ಅಡಗಿ ಕೂತಿರುವುದು ಪತ್ತೆಯಾಯಿತು. ಗೆಡ್ಡೆ ಹೋಯಿತು, ಆದರೆ ಮೊದಲೇ ಆಗಿದ್ದ ಕಲ್ಲೊಂದು ಕೆಲವೇ ವಾರಗಳಲ್ಲಿ ಮೂತ್ರನಾಳದಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸುವ ಪ್ರಯತ್ನದ ಬೆನ್ನಿಗೇ ಆತ ತೀರಿಕೊಂಡ. ಈಗ ಈ ಗೆಡ್ಡೆಯ ಸುಳಿವು ಹಿಡಿಯಲು ಕ್ಯಾಲ್ಸಿಯಂ ಮತ್ತು ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಎಂಬ ಎರಡು ರಕ್ತಪರೀಕ್ಷೆ ಸಾಕು, ಜಿಲ್ಲಾ ಕೇಂದ್ರಗಳ ಲ್ಯಾಬುಗಳಲ್ಲೂ ಮಾಡಿಸಬಹುದು.